ಯಾತ್ರಿಕನ ಹೊರೆ, ಮಾರಯ್ಯನ ಹೊರೆ: ಅವಿಭಕ್ತ ಭಕ್ತಿಯ ಒಂದು ವಿವೇಚನೆ

ದೇವರಿಗೆ ಪೂರ್ಣಹೃದಯವನ್ನು ಒಪ್ಪಿಸುವುದು ಕ್ರೈಸ್ತ ಸಾಧನೆಯ ಮೂಲ ನಿಬಂಧನೆ. ದೇವರು ಮತ್ತು ಸಂಪತ್ತು ಎಂಬ ಇಬ್ಬರು ಒಡೆಯರನ್ನು ಒಬ್ಬ ಸೇವಕನು ಏಕಕಾಲಕ್ಕೆ ಸೇವಿಸಲಾರನೆಂಬ ಯೇಸುವಿನ ಬೋಧೆಯೇ ಇದಕ್ಕೆ ಆಧಾರ. ಈ ನಿಬಂಧನೆಯು ಕನ್ನಡಕ್ಕೆ ಬಂದಾಗ ಇಲ್ಲಿನ ಭಕ್ತಿಪರಂಪರೆಯೊಡನೆ ಎಲ್ಲಿ ಕೂಡಿತು, ಎಲ್ಲಿ ಬೇರ್ಪಟ್ಟಿತು ಎಂಬುದು ವಿಚಾರಾರ್ಹವಾದ ಸಂಗತಿ.

ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರವು ಈ ವಿವೇಚನೆಗೆ ಉಚಿತವಾದ ನೆಲೆ. ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನ ಕಾರ್ಯವನ್ನು ಜೋಸೆಫ್ ಟೇಲರ್ 1820ರಲ್ಲಿ ಆರಂಭಿಸಿದರು. ಆದರೆ ಒಡೆದ ಮನಸ್ಸಿನ ಪ್ರಶ್ನೆ ಈ ಭಾಗಕ್ಕೆ ಹೊರಗಿನಿಂದ ಬಂದುದಲ್ಲ. ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ಹೂವಿಗಾಗಿ ಹಟ ಹಿಡಿಯುವ ಸತ್ಯಭಾಮೆಗೆ ಪ್ರೀತಿ ಯಾವುದು, ಒಡೆತನದ ಹಂಬಲ ಯಾವುದು ಎಂಬ ಭೇದ ತಿಳಿಯದು. ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ (1919–1989) ‘ಮೋಹದ ಬಲೆಯಲ್ಲಿ’, ‘ಜರತಾರಿ ಜಗದ್ಗುರು’ ಕಾದಂಬರಿಗಳಲ್ಲಿ ವಿರಕ್ತಿಯ ಉಡುಪಿನೊಳಗಣ ಲೋಕಮೋಹವನ್ನು ಬಯಲಿಗೆಳೆದರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ (ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1991) ನಾಟಕದ ರಾಜಕುಮಾರನಂತೂ ತನ್ನನ್ನೇ ಇಬ್ಭಾಗವಾಗಿಸಿಕೊಳ್ಳುತ್ತಾನೆ.

ಇಂತಹ ಓದುಗರ ಮುಂದೆ ಮಿಷನರಿಗಳು ಇಟ್ಟ ಮುಖ್ಯ ಕೃತಿಗಳಲ್ಲಿ ಜಾನ್ ಬನಿಯನ್ನನ ಯಾತ್ರಾಕಥನವೂ ಒಂದು. 1678ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಈ ಕೃತಿಯನ್ನು ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಬಾಸೆಲ್ ಮಿಷನ್ನಿನ ವೈಗಲ್ ‘ಯಾತ್ರಿಕನ ಸಂಚಾರ’ವೆಂದು ಕನ್ನಡಿಸಿದರು. ಇದರ ನಾಯಕನು ಬೆನ್ನಿನ ಮೇಲೆ ಪಾಪದ ಹೊರೆ ಹೊತ್ತು, ಮಡದಿ ಮಕ್ಕಳ ಕೂಗು ಕೇಳದಂತೆ ಕಿವಿಯಲ್ಲಿ ಬೆರಳಿಟ್ಟುಕೊಂಡು ಓಡುತ್ತಾನೆ. ದಾರಿಯಲ್ಲಿ ಎದುರಾಗುವ ವ್ಯರ್ಥದ ಸಂತೆಯಲ್ಲಿ ಮನೆ, ಹೊಲ, ಪದವಿ, ರಾಜ್ಯ, ಭೋಗ ಎಲ್ಲವೂ ಮಾರಾಟಕ್ಕಿವೆ. ಅಲ್ಲಿ ಕೊಳ್ಳಲೊಪ್ಪದ ಜೊತೆಗಾರನನ್ನು ಸುಡಲಾಗುತ್ತದೆ. ಧರ್ಮವು ಬೆಳ್ಳಿಯ ಪಾದರಕ್ಷೆ ಮೆಟ್ಟಿ ನಡೆಯುವಾಗ ಮಾತ್ರ ಅದರ ಹಿಂದೆ ಹೋಗುವ ಸಮಯಸಾಧಕನೂ ಇಲ್ಲಿದ್ದಾನೆ. ಅವನು ಬೆಳ್ಳಿಯ ಗಣಿಯ ಬಳಿ ಕಣ್ಮರೆಯಾಗುತ್ತಾನೆ. ಕಟ್ಟೀಮನಿಯವರ ಜರತಾರಿಯ ಜಗದ್ಗುರುವನ್ನು ಬಲ್ಲ ಓದುಗನಿಗೆ ಈ ಬೆಳ್ಳಿಯ ಪಾದರಕ್ಷೆ ಅಪರಿಚಿತವೆನಿಸದು.

ಕೃತಿಯ ಶಕ್ತಿ ಈ ನಿಷ್ಠುರತೆಯಲ್ಲಿದೆ. ಅದರ ತೊಡಕೂ ಅಲ್ಲಿಯೇ ಇದೆ. ವಾರದ ಸಂತೆಯಲ್ಲಿ ಕಾಳು ಮಾರಿ ಬದುಕುವವನಿಗೆ ಸಂತೆಯೇ ಪಾಪದ ರೂಪಕವಾದರೆ ಅವನ ದಿನನಿತ್ಯದ ದುಡಿಮೆಗೆ ಭಕ್ತಿಯಲ್ಲಿ ಸ್ಥಾನವೆಲ್ಲಿ? 1684ರ ಎರಡನೆಯ ಭಾಗದಲ್ಲಿ ಮಡದಿ ಮಕ್ಕಳೂ ಯಾತ್ರೆಗೆ ಹೊರಡುವುದರಿಂದ ಕುಟುಂಬದ ಪ್ರಶ್ನೆಗೆ ಬನಿಯನ್ ಉತ್ತರ ನೀಡಿದ್ದಾನೆ. ದುಡಿಮೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಪ್ರಶ್ನೆಗೆ ಕನ್ನಡದ ಉತ್ತರವನ್ನು ಉತ್ತಂಗಿ ಚನ್ನಪ್ಪನವರ (1881–1962) ಬರವಣಿಗೆಯಲ್ಲಿ ಅರಸಬೇಕು. ಬಾಸೆಲ್ ಮಿಷನ್ನಿನ ಬೋಧಕರಾಗಿದ್ದ ಅವರು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕ್ರೈಸ್ತ ಬೋಧಕನೊಬ್ಬನು ಅನ್ಯಪರಂಪರೆಯ ಸಾಹಿತ್ಯಕ್ಕೆ ಆಯುಷ್ಯ ಸವೆಸುವುದೂ ಒಂದು ಬಗೆಯ ಲೋಕದ ಸೆಳೆತವಲ್ಲವೇ ಎಂಬ ಸಂದೇಹ ಸಹಜ. ಆದರೆ ಉತ್ತಂಗಿಯವರು ಕೊನೆಯವರೆಗೂ ಕ್ರೈಸ್ತರಾಗಿಯೇ ಬಾಳಿದರು. ಅವರ ಪಾಲಿಗೆ ಪೂರ್ಣನಿಷ್ಠೆಯೆಂದರೆ ಕಿವಿ ಮುಚ್ಚಿಕೊಳ್ಳುವುದಲ್ಲ, ಕಿವಿಗೊಡುವುದು.

ಸಂ.ಶಿ. ಭೂಸನೂರಮಠರೊಡನೆ ಅವರು ಸಂಪಾದಿಸಿದ ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳು ಈ ದೃಷ್ಟಿಯಿಂದ ಗಮನಾರ್ಹ. ಪರಂಪರೆಯ ಪ್ರಕಾರ ಮಾರಯ್ಯ ಕಾಶ್ಮೀರದ ಅರಸುತನ ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿದವನು. ಬಸವಣ್ಣ ಗುಪ್ತವಾಗಿ ಇಟ್ಟುಹೋದ ಹೊನ್ನನ್ನೂ ಅವನು ತನ್ನದಾಗಿಸಿಕೊಳ್ಳಲಿಲ್ಲ. ಅವನು ಸಂತೆಯನ್ನು ಬಿಟ್ಟು ಓಡಲಿಲ್ಲ. ಹೊರೆಯೊಡನೆ ಸಂತೆಗೇ ಬಂದ. ಅಂತಹವನೂ ಲಿಂಗೈಕ್ಯಕ್ಕೆ ಹಂಬಲಿಸಿದಾಗ, ಅದೂ ಒಂದು ಆಸೆಯೆಂದು ಮಹಾದೇವಿ ಎಚ್ಚರಿಸುತ್ತಾಳೆ. ಸ್ವರ್ಗೀಯ ಪಟ್ಟಣದತ್ತ ಧಾವಿಸುವ ಯಾತ್ರಿಕನನ್ನು ಯಾರೂ ಕೇಳದ ಪ್ರಶ್ನೆಯಿದು.

ಹಾಗೆಂದು ಎರಡೂ ಹೊರೆಗಳನ್ನು ಒಂದೇ ಎನ್ನಲಾಗದು. ಯಾತ್ರಿಕನ ಹೊರೆ ಪಾಪದ್ದು. ಅವನ ಪ್ರಯತ್ನದಿಂದಲ್ಲದೆ ಶಿಲುಬೆಯ ಬಳಿ ಕೃಪೆಯಿಂದ ತಾನೇ ಕಳಚಿ ಬೀಳುವಂಥದು. ಮಾರಯ್ಯನ ಹೊರೆ ಕಾಯಕದ್ದು; ದಿನವೂ ತಾನೇ ಒಪ್ಪಿ ಹೊರುವಂಥದು. ಒಂದು ಇಳಿದ ಮೇಲೆ ಇನ್ನೊಂದನ್ನು ಹೊರಲು ಅಡ್ಡಿಯಿಲ್ಲ. ಕೃಪೆಯಿಂದ ಹಗುರಾದವನು ದುಡಿಮೆಗೆ ಹಿಂತಿರುಗಬಹುದು. ಅವನಿಗೆ ಸಂತೆಯಲ್ಲಿ ಮಾರುವ ಸರಕಿರುತ್ತದೆ, ಮಾರಿಕೊಳ್ಳುವ ಮನಸ್ಸಿರುವುದಿಲ್ಲ. ಉತ್ತಂಗಿಯವರ ಬಾಳೂ ಬರಹವೂ ಈ ಸಾಧ್ಯತೆಯನ್ನು ಸೂಚಿಸುತ್ತವೆ. ಘಟಪ್ರಭೆಯ ದಡದ ಒಕ್ಕಲಿಗ, ನೇಕಾರ, ಗಿರಣಿ ಕಾರ್ಮಿಕರ ನಡುವೆ ಕ್ರೈಸ್ತಭಕ್ತಿ ಕನ್ನಡದಲ್ಲಿ ಮಾತನಾಡುವುದಾದರೆ ಅದು ಓಡುವ ಯಾತ್ರಿಕನ ನಿಷ್ಠುರತೆಯನ್ನೂ ಹೊರೆ ಹೊತ್ತು ನಿಂತ ಮಾರಯ್ಯನ ಸ್ಥೈರ್ಯವನ್ನೂ ಒಟ್ಟಿಗೆ ಅರಗಿಸಿಕೊಳ್ಳಬೇಕಾಗುತ್ತದೆ.