ಡೊರೀನ್ ಎಳೆದ ವೃತ್ತ

ಎರಡು ವಾರದ ಹಿಂದೆ, ಇಂಗ್ಲೆಂಡಿನಲ್ಲಿ ಹುಟ್ಟಿದ ವಿಕ್ಕಾ ಎಂಬ ಪೇಗನ್ ಪಂಥದ ಹುಣ್ಣಿಮೆಯ ಆಚರಣೆಗಳ ಬಗ್ಗೆ ಬರೆದದ್ದನ್ನು ಓದಿದ ಕುಂದಾಪುರ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ವಿಕ್ಕಾಗೆ ದೀಕ್ಷೆ ಬೇಕಂತಲ್ಲ ಸರ್, ಇಲ್ಲಿ ಕೊಡುವವರು ಯಾರಿದ್ದಾರೆ? ನಾನೊಬ್ಬಳೇ ಮಾಡಿಕೊಂಡರೆ ನಡೆಯುತ್ತದಾ?’

ನಡೆಯುತ್ತದೆ. ಇಷ್ಟು ಧೈರ್ಯವಾಗಿ ಹೇಳುತ್ತಿರುವುದು ಡೊರೀನ್ ವ್ಯಾಲಿಯೆಂಟೆ ಅವರನ್ನು ನೆಚ್ಚಿಕೊಂಡು. ಈ ದಾರಿಯ ಬರಹಗಾರರಲ್ಲಿ ನಾನು ಮತ್ತೆ ಮತ್ತೆ ಮರಳುವುದು ಅವರೊಬ್ಬರ ಬಳಿಗೆ.

ಮೊದಲು ಹೆಸರಿನ ತೊಡಕು. ಇಂಗ್ಲೆಂಡಿನಲ್ಲಿ ವಿಕ್ಕಾ ದಾರಿಯವರು ತಮ್ಮನ್ನು ವಿಚ್ ಎಂದು ಕರೆದುಕೊಳ್ಳುತ್ತಾರೆ. ಅದನ್ನು ಮಾಟಗಾತಿ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ನಮ್ಮಲ್ಲಿ ಯಾವ ಹೆಂಗಸೂ ಆ ಹೆಸರನ್ನು ಬಯಸಿ ಪಡೆದದ್ದಲ್ಲ. ಊರು ಅವಳ ತಲೆಗೆ ಕಟ್ಟಿದ್ದು. ಆ ಹೆಸರು ಹೊರಿಸಿ ವಿಧವೆಯರನ್ನು, ಮುದುಕಿಯರನ್ನು ಹೊಡೆದು ಕೊಂದ ಸುದ್ದಿ ದೇಶದ ಹಲವು ಕಡೆಯಿಂದ ಇಂದಿಗೂ ಬರುತ್ತದೆ. ವಾಮಾಚಾರ, ಅಮಾನವೀಯ ಆಚರಣೆಗಳ ತಡೆಗೆ ಕರ್ನಾಟಕವೂ 2017ರಲ್ಲಿ ಕಾಯ್ದೆ ಮಾಡಬೇಕಾಯಿತು. ಇಂಗ್ಲೆಂಡೂ ಒಂದು ಕಾಲಕ್ಕೆ ಗಲ್ಲಿಗೆ ಹಾಕಿದ ದೇಶವೇ. 1735ರ ಕಾಯ್ದೆ ಅದನ್ನು ತಿರುವಿಹಾಕಿ, ಅಂಥ ಶಕ್ತಿಯೇ ಇಲ್ಲ, ಇದೆ ಎನ್ನುವವರು ಮೋಸಗಾರರು ಎಂದಿತು. ಅದೂ 1951ರಲ್ಲಿ ರದ್ದಾಯಿತು. ಮೂರೇ ವರ್ಷದಲ್ಲಿ, ವಿಕ್ಕಾವನ್ನು ಜನರ ಮುಂದಿಟ್ಟ ಜೆರಾಲ್ಡ್ ಗಾರ್ಡ್ನರ್ ಅವರ ‘ವಿಚ್‌ಕ್ರಾಫ್ಟ್ ಟುಡೇ’ ಹೊರಬಂತು.

ಗಾರ್ಡ್ನರ್ ಹುಟ್ಟಿದ್ದು 1884ರಲ್ಲಿ. ಸಿಲೋನಿನ ಟೀ ತೋಟ, ಮಲಯದ ರಬ್ಬರ್ ತೋಟ, ಸುಂಕದ ಇಲಾಖೆ ಎಲ್ಲ ಸುತ್ತಿ, ನಿವೃತ್ತರಾಗಿ ಊರಿಗೆ ಮರಳಿದವರು. ಮಲಯದ ಕ್ರಿಸ್ ಕತ್ತಿಗಳ ಮೇಲೆ ಪುಸ್ತಕವನ್ನೇ ಬರೆದಿದ್ದರು. ಅವರ ಪಂಥದಲ್ಲಿ ಪೂಜೆಯ ಸುತ್ತ ವೃತ್ತ ಎಳೆಯಲು ಕಪ್ಪು ಹಿಡಿಯ ಚೂರಿಯೇ ಬೇಕಾದದ್ದಕ್ಕೂ ಈ ಒಲವಿಗೂ ನಂಟಿರಬೇಕೆಂದು ನನ್ನ ಊಹೆ. ಕ್ರೈಸ್ತ ಧರ್ಮ ಬರುವ ಮುಂಚಿನ ಪೂಜೆಯೊಂದು ಗುಟ್ಟಾಗಿ ಉಳಿದು ಬಂದಿದೆ, 1939ರಲ್ಲಿ ನ್ಯೂ ಫಾರೆಸ್ಟ್ ಕಡೆಯ ಗುಂಪೊಂದು ತನ್ನನ್ನು ಅದರೊಳಗೆ ಸೇರಿಸಿಕೊಂಡಿತು ಎಂದು ಅವರು ಹೇಳಿಕೊಂಡರು. ಹಾಗೆ ಉಳಿದು ಬಂದಿದೆ ಎಂಬ ವಾದವನ್ನು 1921ರಲ್ಲೇ ಮಾರ್ಗರೆಟ್ ಮರ್ರೆ ಮುಂದಿಟ್ಟಿದ್ದರು. ಇಂದಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಬ್ರಿಸ್ಟಲ್‌ನ ರೊನಾಲ್ಡ್ ಹಟನ್ 1999ರ ‘ದಿ ಟ್ರಯಂಫ್ ಆಫ್ ದಿ ಮೂನ್’ನಲ್ಲಿ ತಾಳ್ಮೆಯಿಂದ ತೋರಿಸಿಕೊಟ್ಟಂತೆ, ವಿಕ್ಕಾ ಇಪ್ಪತ್ತನೇ ಶತಮಾನದ ಇಂಗ್ಲೆಂಡಿನ ಕೂಸು.

ಡೊರೀನ್ ಲಂಡನ್ನಿನ ದಕ್ಷಿಣ ಭಾಗದಲ್ಲಿ 1922ರಲ್ಲಿ ಹುಟ್ಟಿದವರು. ಅಮ್ಮನನ್ನು ಕೆಲಸದ ಕಡೆ ಹೆಂಗಸೊಬ್ಬಳು ಪೀಡಿಸುತ್ತಿದ್ದಾಗ ಹದಿಮೂರರ ಈ ಹುಡುಗಿ ಅದನ್ನು ನಿಲ್ಲಿಸಲು ತಾನೇ ಒಂದು ತಂತ್ರ ಮಾಡಿದಳಂತೆ. ಎರಡನೇ ಮಹಾಯುದ್ಧದಲ್ಲಿ ಗುಪ್ತಲಿಪಿ ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕ್‌ನಲ್ಲಿ ಕೆಲಸ ಮಾಡಿದರು. 1952ರಲ್ಲಿ ಪತ್ರಿಕೆಯೊಂದರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ವಿಚ್‌ಕ್ರಾಫ್ಟ್ ಮ್ಯೂಸಿಯಂ ಬಗ್ಗೆ ಓದಿ ಕಾಗದ ಬರೆದರು. ಅದು ಗಾರ್ಡ್ನರ್ ಕೈ ಸೇರಿತು. ಮಾರನೇ ವರ್ಷದ ನಡುಬೇಸಿಗೆಯಲ್ಲಿ ದೀಕ್ಷೆಯಾಯಿತು.

ಗಾರ್ಡ್ನರ್ ಪಂಥದ ವಿಧಿಗಳೆಲ್ಲ ‘ಬುಕ್ ಆಫ್ ಶ್ಯಾಡೋಸ್’ ಎಂಬ ಕೈಬರಹದ ಪುಸ್ತಕದಲ್ಲಿರುತ್ತವೆ. ದೀಕ್ಷೆ ಪಡೆದವರು ಅದನ್ನು ತಮ್ಮ ಕೈಯಾರೆ ನಕಲು ಮಾಡಿಕೊಳ್ಳಬೇಕು. ಬಹಳ ಓದಿದ್ದ ಡೊರೀನ್‌ಗೆ ಆ ‘ಪುರಾತನ’ ಸಾಲುಗಳಲ್ಲಿ ಗುರುತಿನ ದನಿಗಳು ಕೇಳಿಸಿದವು. ಇದು ನಿಗೂಢವಿದ್ಯೆಯ ಬರಹಗಾರ ಅಲಿಸ್ಟರ್ ಕ್ರೌಲಿಯದು, ಇದು ಕಿಪ್ಲಿಂಗ್ ಪದ್ಯ, ಇದು ಜಾನಪದ ಸಂಗ್ರಾಹಕ ಲೆಲೆಂಡ್ 1899ರಲ್ಲಿ ಅಚ್ಚು ಹಾಕಿಸಿದ ‘ಅರೇಡಿಯಾ’ದ್ದು. ನೇರವಾಗಿ ಕೇಳಿಯೇಬಿಟ್ಟರು. ತನಗೆ ಸಿಕ್ಕಿದ್ದು ಹರಕು ಮುರುಕು, ತುಂಬಿಸಬೇಕಾಯಿತು, ಇದಕ್ಕಿಂತ ಚೆನ್ನಾಗಿ ಬರೆಯಬಲ್ಲೆಯಾದರೆ ಬರೆ ಎಂಬರ್ಥದ ಉತ್ತರ ಬಂತು.

ಅವರು ಬರೆದರು. ಕ್ರೌಲಿಯನ್ನು ಆದಷ್ಟು ಕಿತ್ತುಹಾಕಿ ತಮ್ಮ ಮಾತು ಜೋಡಿಸಿದರು. ‘ಚಾರ್ಜ್ ಆಫ್ ದಿ ಗಾಡೆಸ್’ಗೆ ಇಂದು ಬಳಕೆಯಲ್ಲಿರುವ ಗದ್ಯರೂಪ ಬಂದದ್ದು ಆಗಲೇ. ಪೂಜಾರಿಣಿಯ ಮೈಮೇಲೆ ಚಂದ್ರನನ್ನು ಇಳಿಸಿದ ಮೇಲೆ ದೇವಿ ನುಡಿಯುವ ಮಾತುಗಳವು. ಮೈಮೇಲೆ ಬರುವುದು, ನುಡಿ ಕೊಡುವುದು ಎಂದರೇನೆಂದು ಕೋಲ ನೋಡಿ ಬೆಳೆದ ಕುಂದಾಪುರದವರಿಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ವ್ಯತ್ಯಾಸವೆಂದರೆ ಆ ನುಡಿಯನ್ನು ಕವಿಯೊಬ್ಬರು ಮೇಜಿನ ಮುಂದೆ ಕುಳಿತು ಮೊದಲೇ ಬರೆದಿಟ್ಟಿದ್ದಾರೆ. ಮೊದಮೊದಲು ನನಗೆ ಇದು ಕಸಿವಿಸಿಯಾಗಿತ್ತು. ಈಗ ಇದನ್ನೇ ಗೌರವಿಸುತ್ತೇನೆ. ಹುಡುಕಿದ್ದು ಒಳಗೆ ಸಿಗದಿದ್ದರೆ ಹೊರಗೆಂದೂ ಸಿಗದು ಎಂಬ ಭಾವದಲ್ಲಿ ಮುಗಿಯುವ ಆ ಗದ್ಯವನ್ನು ಗಟ್ಟಿಯಾಗಿ ಓದಿದಾಗಲೆಲ್ಲ ನನ್ನ ದನಿ ತಾನಾಗಿ ಇಳಿಯುತ್ತದೆ.

1957ರಲ್ಲಿ ಇಬ್ಬರ ದಾರಿ ಬೇರೆಯಾಯಿತು. ಗಾರ್ಡ್ನರ್ ಪತ್ರಿಕೆಗಳ ಬೆನ್ನು ಬಿದ್ದಿದ್ದರು. ತಡೆಯಲು ಹೋದವರ ಮುಂದೆ ‘ಹಳೆಯ ಕಟ್ಟಳೆ’ಗಳ ಪಟ್ಟಿಯೊಂದನ್ನು ಇಟ್ಟರು, ವಯಸ್ಸಾದ ಪೂಜಾರಿಣಿ ಕಿರಿಯಳಿಗೆ ಜಾಗ ಬಿಡಬೇಕೆಂಬ ಮಾತೂ ಅದರಲ್ಲಿತ್ತು. ಇವು ಹಳೆಯವಾದರೆ ಇಷ್ಟು ದಿನ ಎಲ್ಲಿದ್ದವು? ಡೊರೀನ್ ಎದ್ದು ಹೊರಬಂದರು.

ಹೊರಬಂದರೂ ಹಗೆ ಸಾಧಿಸಲಿಲ್ಲ ಎನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಗಾರ್ಡ್ನರ್ ತೀರಿಕೊಂಡು ಎಷ್ಟೋ ವರ್ಷದ ಮೇಲೆ, ತನ್ನನ್ನು ಸೇರಿಸಿಕೊಂಡ ಗುಂಪಿನ ಹಿರಿಯಳೆಂದು ಅವರು ಹೇಳುತ್ತಿದ್ದ ‘ಓಲ್ಡ್ ಡೊರೊಥಿ’ ಬರೀ ಕಟ್ಟುಕಥೆ ಎಂಬ ಮಾತು ಎದ್ದಿತು. ಡೊರೀನ್ 1980ರಿಂದ ದಾಖಲೆಗಳ ಬೆನ್ನು ಹತ್ತಿದರು. ಡೊರೊಥಿ ಕ್ಲಟರ್‌ಬಕ್ ನಿಜವಾಗಿ ಇದ್ದವರು, ಸೇನಾಧಿಕಾರಿಯ ಮಗಳಾಗಿ 1880ರಲ್ಲಿ ನಮ್ಮ ಭಾರತದಲ್ಲೇ ಹುಟ್ಟಿದವರು ಎಂದು ಕಂಡುಕೊಂಡರು. ಆಕೆ ಪಂಥದಲ್ಲಿ ಇದ್ದರೇ ಎಂಬುದು ಇಂದಿಗೂ ಚರ್ಚೆಯ ಮಾತು. ಆದರೆ ಗುರುವನ್ನು ಕುರುಡಾಗಿ ನಂಬದೆ, ಸುಮ್ಮನೆ ಅಲ್ಲಗಳೆಯದೆ, ಜನನ ಪತ್ರ ಹುಡುಕಿಕೊಂಡು ಹೋದ ಸಾಧಕಿಯರು ಎಷ್ಟು ಮಂದಿ?

ಇನ್ನು ನಿಮ್ಮ ದೀಕ್ಷೆಯ ಪ್ರಶ್ನೆ. 1978ರಲ್ಲಿ, ತಮ್ಮ ದೀಕ್ಷೆಯಾಗಿ ಇಪ್ಪತ್ತೈದು ವರ್ಷಕ್ಕೆ, ಡೊರೀನ್ ‘ವಿಚ್‌ಕ್ರಾಫ್ಟ್ ಫಾರ್ ಟುಮಾರೊ’ ಬರೆದರು. ಒಬ್ಬರೇ ಇರುವವರು ತಮಗೆ ತಾವೇ ದೀಕ್ಷೆ ಕೊಟ್ಟುಕೊಳ್ಳುವ ವಿಧಿಯನ್ನು ಅದರಲ್ಲಿ ಬಿಚ್ಚಿಟ್ಟರು. ಮೊತ್ತಮೊದಲನೆಯವರಿಗೆ ದೀಕ್ಷೆ ಕೊಟ್ಟವರು ಯಾರು ಎನ್ನುವುದು ಅವರ ಸರಳ ತರ್ಕ. ಹತ್ತು ವರ್ಷದ ಮೇಲೆ ಅಮೆರಿಕದ ಸ್ಕಾಟ್ ಕನಿಂಗ್‌ಹ್ಯಾಮ್ ಒಂಟಿ ಸಾಧಕರಿಗೆಂದೇ ಕೈಪಿಡಿ ತಂದರು. ಅದು ತುಂಬ ಓಡಿತು, ಓದಲೂ ಹಗುರ. ಆರಂಭಕ್ಕೆ ಅದು ಸಾಕು, ಉಳಿಸಿಕೊಳ್ಳಲು ಡೊರೀನ್. ಒಬ್ಬರೇ ಮಾಡಿಕೊಂಡರೂ ಈ ದಾರಿಯಲ್ಲಿ ನೀವು ಒಂಟಿಯಲ್ಲ: 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಮಂದಿ ಪೇಗನ್ ಎಂದೂ 13,000 ಮಂದಿ ವಿಕ್ಕಾ ಎಂದೂ ಬರೆಸಿದ್ದಾರೆ.

ವೃತ್ತದ ಬಗ್ಗೆ ಒಂದು ಮಾತು. ಸೂರ್ಯ ಸುತ್ತುವ ಕಡೆಗೆ, ನಮ್ಮ ಪ್ರದಕ್ಷಿಣೆಯಂತೆಯೇ ಎಳೆಯುತ್ತಾರೆ. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ಇಂಗ್ಲೆಂಡಿನಲ್ಲಿ ನಡುಹಗಲಿನ ಸೂರ್ಯ ಸದಾ ದಕ್ಷಿಣಕ್ಕಿರುವುದರಿಂದ ಬೆಂಕಿ ಅಲ್ಲಿ. ಆಸ್ಟ್ರೇಲಿಯದ ಸಾಧಕರಲ್ಲಿ ಬಹಳ ಮಂದಿ ಬೆಂಕಿಯನ್ನು ಉತ್ತರಕ್ಕೆ ಇಡುತ್ತಾರೆ, ವರ್ಷದ ಎಂಟು ಹಬ್ಬಗಳನ್ನು ಆರು ತಿಂಗಳು ಸರಿಸುತ್ತಾರೆ. ಅಕ್ಟೋಬರ್ ಕೊನೆಯ ಸಾವಿನ್ ಹಬ್ಬ ಅವರಿಗೆ ಮೇ ತಿಂಗಳ ಹೊಸ್ತಿಲಲ್ಲಿ. ಪುಸ್ತಕದ ದಿಕ್ಕಿಗಿಂತ ಕಾಲ ಕೆಳಗಿನ ನೆಲದ ದಿಕ್ಕು ಸರಿ ಎಂದು ಅವರು ತೀರ್ಮಾನಿಸಿದ ಹಾಗೆ ನೀವೂ ಮಾಡಬೇಕು. ಮೇ ಒಂದರ ಬೆಲ್ಟೇನ್ ಅಲ್ಲಿ ಹೂ ಅರಳುವ ಹಬ್ಬ. ನಿಮ್ಮ ಕರಾವಳಿಯಲ್ಲಿ ಅದು ಬಾವಿಯ ತಳ ಕಾಣುವ ಹೊತ್ತು. ಆ ಹಬ್ಬವನ್ನು ಜೂನಿನ ಮೊದಲ ಜಡಿಮಳೆಗೆ ತಳ್ಳಿ.

ಚೂರಿ ಕೊಳ್ಳುವ ಅವಸರ ಬೇಡ, ತೋರುಬೆರಳು ಸಾಕು. ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಎಡಪುಟದಲ್ಲಿ ನೀವು ಹೇಳುವ ಮಾತು, ಬಲಪುಟದಲ್ಲಿ ಅದನ್ನು ಯಾರಿಂದ, ಯಾವ ಪುಸ್ತಕದಿಂದ ಪಡೆದಿರಿ ಎಂಬುದು. ನಿಮ್ಮದೇ ಮಾತಾದರೆ ಬರೆದ ದಿನಾಂಕ. ಪೂರ್ವ, ದಕ್ಷಿಣ, ಉತ್ತರಗಳಿಗೆ ಮೂರು ಬಟ್ಟಲು ಇಡಿ. ಪಶ್ಚಿಮಕ್ಕೆ ಬಟ್ಟಲು ಬೇಕಿಲ್ಲ. ನಿಮ್ಮಲ್ಲಿ ಅತ್ತ ಕಡಲೇ ಇದೆ.