ಬೀಸುವ ಕಲ್ಲು ಮತ್ತು ಸರಳ ಬದುಕು: ಜತ್ತ ತಾಲೂಕಿನಿಂದ ಒಂದು ಓದು

ನನ್ನ ಧ್ವನಿ ಕೇಳಿಸ್ತಿದೆ ಅಂದುಕೊಳ್ತೀನಿ. ನಡುವೆ ನೆಟ್‌ವರ್ಕ್ ಹೋದರೆ ಕ್ಷಮಿಸಬೇಕು. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ನಮ್ಮ ಊರಿನಿಂದಲೇ ಮಾತಾಡ್ತಾ ಇದೀನಿ.

ಸರಳ ಮತ್ತು ಸುಸ್ಥಿರ ಬದುಕಿನ ಬಗ್ಗೆ ಸಾಹಿತ್ಯ ಏನು ಹೇಳುತ್ತದೆ ಅನ್ನೋದು ಇವತ್ತಿನ ಪ್ರಶ್ನೆ. ಇತ್ತೀಚಿನ ಕನ್ನಡ ಅಂಕಣ ಬರಹಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ: ಕಡಿಮೆ ಕೊಳ್ಳಿ, ನಿಧಾನವಾಗಿ ಉಣ್ಣಿ, ಹಳೆಯದನ್ನು ಎಸೆಯಬೇಡಿ. ಇದರಲ್ಲಿ ತಪ್ಪೇನಿಲ್ಲ. ಆದರೆ ಇಂಥ ಬರಹಗಳು ಉದಾಹರಣೆಗೆ ಹುಡುಕಿಕೊಂಡು ಬರುವುದು ನಮ್ಮಂಥ ಊರುಗಳಿಗೆ, ನಮ್ಮ ಆಯಿಯಂಥವರ ಅಡುಗೆಮನೆಗೆ. ನನ್ನ ತಕರಾರು ಆ ಓದಿನ ಬಗ್ಗೆ.

ಹೊರಗಿನಿಂದ ನೋಡಿದರೆ ನಮ್ಮ ಆಯಿಯ ಬದುಕು ಸುಸ್ಥಿರತೆಯ ಪಠ್ಯಪುಸ್ತಕ. ಹಿಂಗಾರಿ ಬಿಳಿಜೋಳ, ಜತೆಗೆ ಕುಸುಬಿ, ಕಡಲೆ. ಮಳೆ ಹಿಡಿದಿಟ್ಟ ಎರೆ ಮಣ್ಣಿನ ತೇವದಲ್ಲೇ ಬೆಳೆ ಬರಬೇಕು. ತೆನೆ ಮನುಷ್ಯರಿಗೆ, ಕಣಿಕಿ ದನಕ್ಕೆ, ಸಗಣಿ ಒಲೆಗೆ ಮತ್ತು ಹೊಲಕ್ಕೆ. ಹರಿದ ಸೀರೆ ಕೌದಿಯಾಗುತ್ತಿತ್ತು, ಕೌದಿ ಹರಿದರೆ ಮತ್ತೊಂದು ಕೌದಿಯ ಒಳಪದರ. ಕಾಳು ತೊಳೆದ ನೀರು ಎಮ್ಮೆಗೆ, ಮೈ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಮನೆಯಿಂದ ಹೊರಗೆ ಎಸೆಯುವಂಥದ್ದು ಏನೂ ಇರಲಿಲ್ಲ.

ಆದರೆ ಇದೆಲ್ಲ ಆಯ್ಕೆಯಾಗಿತ್ತಾ? ನೀರನ್ನ ಎರಡು ಸಲ ಬಳಸಿದ್ದು ಯಾಕೆ ಅಂದರೆ, ಅದನ್ನ ದೂರದ ಬಾವಿಯಿಂದ ತಲೆ ಮೇಲೆ ಹೊತ್ತು ತಂದದ್ದಕ್ಕೆ. ಹೊತ್ತವರು ಹೆಂಗಸರು, ಶಾಲೆ ಬಿಟ್ಟ ಹುಡುಗಿಯರು. ನಮ್ಮ ಅವ್ವನೂ ಅವರಲ್ಲಿ ಒಬ್ಬಳು.

ಈಗ ಪಠ್ಯಕ್ಕೆ ಬರ್ತೀನಿ. ನಮ್ಮ ತಾಲೂಕಿನ ಗಡಿ ದಾಟಿದರೆ ವಿಜಯಪುರ ಜಿಲ್ಲೆ, ಅಲ್ಲೇ ಹಲಸಂಗಿ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಬೀಸುವಾಗ, ಕುಟ್ಟುವಾಗ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳು ಅವು. ಆ ಕೆಲಸಕ್ಕೆ ನಾವೆಲ್ಲ ಋಣಿಗಳು. ಆದರೆ ಈ ಹಾಡುಗಳನ್ನ ‘ತೃಪ್ತ, ಸರಳ ಗ್ರಾಮಜೀವನದ ಅಭಿವ್ಯಕ್ತಿ’ ಅಂತ ಓದುವ ರೂಢಿ ನಮ್ಮ ತರಗತಿಗಳಲ್ಲಿ ಈಗಲೂ ಇದೆ. ನಾನೂ ಎಂ.ಎ. ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕ ತಗೊಂಡವನು.

ಮತ್ತೆ ಓದಿದಾಗ ನನಗೆ ಬೇರೆಯೇ ಕಂಡಿತು. ಹಾಡುವ ಹೆಣ್ಣು ಕಡಿಮೆಯನ್ನ ಹೊಗಳುವುದಿಲ್ಲ. ಆಕೆ ತವರಿಗೆ ಹರಸುವುದು ತುಂಬಿದ ಮನೆಯನ್ನ. ದನಕರು, ಮಕ್ಕಳು, ಹಾಲು ಹೈನು ಹೆಚ್ಚಲಿ ಅಂತ. ಇದು ಸಮೃದ್ಧಿಯ ಕನಸು. ಬೀಸುವ ಕಲ್ಲನ್ನ ಆಕೆ ಗೌರವದಿಂದ ಮಾತಾಡಿಸುತ್ತಾಳೆ ನಿಜ. ಹಾಗಂತ ಬೀಸುವುದೇ ಆದರ್ಶ ಅಂತ ಎಲ್ಲೂ ಸಾರುವುದಿಲ್ಲ. ಬೆಳಗಾಗುವುದರೊಳಗೆ ಮುಗಿಸಲೇಬೇಕಾದ ದುಡಿಮೆಗೆ ಹಾಡು ಜತೆಗಾರ, ಅಷ್ಟೇ.

ಇದು ನನ್ನ ಊಹೆ ಮಾತ್ರ ಅಂತ ಅನ್ನಿಸಬಹುದು. ಒಂದು ಸಲ ಆಯಿಯನ್ನೇ ಕೇಳಿದೆ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಆಕೆ ಮತ್ತೆ ಕಲ್ಲು ಮುಟ್ಟಿದವಳಲ್ಲ, ಹಾಡೂ ನಿಂತಿತು. “ಆಯಿ, ಆ ಹಾಡು ಹ್ವಾದ್ವಲ್ಲ, ನಿನಗ ಬ್ಯಾಸರ ಆಗೂದಿಲ್ಲೇನು? ಮತ್ತ ಬೀಸೋಣೇನು?” ಅಂದೆ. ಆಕೆ ನಕ್ಕು, “ನೀ ಬೀಸಪಾ, ನಾ ಹಾಡ್ತೀನಿ” ಅಂದಳು. ನನ್ನ ಇಡೀ ಸಂಶೋಧನಾ ಪ್ರಸ್ತಾವವನ್ನ ಆ ಮಾತು ತಿರುವಿ ಹಾಕಿತು. ಸರಳ ಬದುಕನ್ನ ಹೊಗಳುವ ಯಾವ ಬರಹಕ್ಕೂ ನಾವು ಮೊದಲು ಕೇಳಬೇಕಾದ್ದು ಇದನ್ನೇ: ಬೀಸುವವರು ಯಾರು?

ಎರಡನೆಯ ಉದಾಹರಣೆ ನಮ್ಮ ತಾಲೂಕಿನದೇ. ಗುಡ್ಡಾಪುರದ ದಾನಮ್ಮ ಹುಟ್ಟಿದ್ದು ಇಲ್ಲಿಯ ಉಮರಾಣಿಯಲ್ಲಿ, ಮೊದಲ ಹೆಸರು ಲಿಂಗಮ್ಮ, ಬಸವಣ್ಣನವರಿಂದ ದಾನಮ್ಮ ಅನ್ನೋ ಹೆಸರು ಬಂತು ಅನ್ನುತ್ತದೆ ಐತಿಹ್ಯ. ಹೆಸರನ್ನೇ ಗಮನಿಸಿ. ಆಕೆಯನ್ನು ಜನ ನೆನೆಯುವುದು ಎಷ್ಟು ಕಡಿಮೆ ಇಟ್ಟುಕೊಂಡಳು ಅಂತಲ್ಲ, ಎಷ್ಟು ಕೊಟ್ಟಳು ಅಂತ. ಕಾಯಕ ಮತ್ತು ದಾಸೋಹ ಜೋಡಿಪದಗಳು: ದುಡಿಯಬೇಕು, ದುಡಿದದ್ದು ಮುಂದಕ್ಕೆ ಹೋಗಬೇಕು. ಇಂದಿನ ಸರಳ ಬದುಕಿನ ಬರಹದಲ್ಲಿ ಲೆಕ್ಕ ನನ್ನ ಕಪಾಟಿಗೆ ನಿಲ್ಲುತ್ತದೆ: ನನ್ನ ಬಟ್ಟೆ ಎಷ್ಟು, ನನ್ನ ಮನಸ್ಸು ಎಷ್ಟು ಹಗುರ. ಉಳಿದದ್ದು ಯಾರಿಗೆ ಹೋಯಿತು ಅನ್ನೋ ಮಾತು ಅಲ್ಲಿಲ್ಲ.

ಪರಂಪರೆಯನ್ನೂ ಹಾಗೇ ಒಪ್ಪಿಕೊಳ್ಳಬೇಕಿಲ್ಲ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಕರ್ನಾಟಕದಿಂದ ಸಾವಿರಾರು ಜನ ನಡೆದುಕೊಂಡು ಬರ್ತಾರೆ. ದಾರಿಯುದ್ದಕ್ಕೂ ಊಟ, ಚಹಾ ಉಚಿತ. ಕೊಡುವವರು ಶ್ರೀಮಂತರೇ ಆಗಬೇಕಿಲ್ಲ. ಆದರೆ ಮರುದಿನ ಅದೇ ರಸ್ತೆಯ ಬದಿಗೆ ಬಿದ್ದಿರೋದು ಚಹಾದ ಕಪ್ಪು, ನೀರಿನ ಪಾಕೀಟು. ದಾಸೋಹ ಉಳಿದಿದೆ, ಹಂಚಿದ್ದರ ಮೇಲಿನ ಎಚ್ಚರ ಹೋಗಿದೆ. ಅದನ್ನ ಎತ್ತುವವರ ಕಾಯಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಕೊನೆಯದಾಗಿ ನೀರು. ನೀರಿಲ್ಲದ್ದಕ್ಕೇ ಇಲ್ಲಿಯ ಸುಮಾರು 40 ಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆ ಅಂತ ಠರಾವು ಮಾಡಿದವು. 2022ರ ನವೆಂಬರ್‌ನಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅದನ್ನ ಪ್ರಸ್ತಾಪಿಸಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವಾಯಿತು. ಪತ್ರಿಕೆಗಳು ಅದನ್ನ ಭಾಷೆಯ ಜಗಳ ಅಂತ ಓದಿದವು. ನಮ್ಮ ಊರಲ್ಲಿ ಕೇಳಿಸಿದ್ದು ಕೊಡದ ಸದ್ದು. ಕೃಷ್ಣೆಯ ನೀರನ್ನ ಎತ್ತಿ ತರುವ ಮ್ಹೈಸಾಳ ಏತ ನೀರಾವರಿ ತಾಲೂಕಿನ ಪೂರ್ವದ ಹಳ್ಳಿಗಳನ್ನ ಮುಟ್ಟಿರಲಿಲ್ಲ. ದಶಕಗಳಿಂದ ನೀರು ಕೇಳುತ್ತಿರುವವರಿಗೆ ‘ಮಿತವಾಗಿ ಬಳಸಿ’ ಅನ್ನುವುದು ಉಪದೇಶವಲ್ಲ, ಅಪಮಾನ.

ಆದರೆ ನೀರು ಬಂದರೆ ಮುಗಿಯಿತಾ? ನಮ್ಮ ಕಾಕಾ ಜೋಳದ ಹೊಲ ಕಿತ್ತು ದಾಳಿಂಬೆ ಹಚ್ಚಿದರು. ಬೋರು ಬತ್ತಿದಾಗ ಸಾಲ ಮಾಡಿ ಟ್ಯಾಂಕರ್ ತರಿಸಿ ಗಿಡ ಉಳಿಸಿಕೊಂಡರು. ಕುಡಿಯೋಕೂ ಟ್ಯಾಂಕರ್, ದಾಳಿಂಬೆಗೂ ಟ್ಯಾಂಕರ್. ಅವರನ್ನ ಬೈಯೋದು ಸುಲಭ. ಜೋಳ ಅವರ ಮಗಳ ಕಾಲೇಜಿನ ಫೀ ಕಟ್ಟುತ್ತಿರಲಿಲ್ಲ. ಸುಸ್ಥಿರತೆಯ ಮಾತು ಇಲ್ಲಿಂದ ಶುರುವಾಗಬೇಕು, ಆಯಿಯ ಕೌದಿಯಿಂದಲ್ಲ. ಎರೆಯ ತೇವದಲ್ಲೇ ಬೆಳೆಯುವ ಜೋಳಕ್ಕೆ ಬೆಲೆ ಸಿಗದೆ, ಬೆಳೆಯುವವರಿಗೆ ಮಿತಿಯ ಪಾಠ ಹೇಳುವ ವಿಮರ್ಶೆ ಅರ್ಧ ಓದಿದ ಪಠ್ಯ.

ಚರ್ಚೆಯಲ್ಲಿ ಮೇಡಂ ಒಬ್ಬರು ಕೇಳಿದರು: “ಹಾಗಾದರೆ ಸರಳ ಬದುಕು ಅನ್ನೋ ಮೌಲ್ಯವನ್ನೇ ಬಿಟ್ಟುಬಿಡೋಣ ಅಂತೀರಾ?”

ಇಲ್ಲ, ಮೇಡಂ. ಹಾಸ್ಟೆಲ್ಲಿನಲ್ಲಿ ನಾನು ಹೊದೆಯುವುದು ಆಯಿ ಹೊಲಿದ ಕೌದಿಯನ್ನೇ. ಅದು ಬೆಚ್ಚಗಿದೆ, ಚೆಂದವಿದೆ. ಆದರೆ ಅದರ ಪ್ರತಿ ಹೊಲಿಗೆ ಆಕೆಯ ಕಣ್ಣಿನ ದುಡಿಮೆ ಅನ್ನೋದು ಮರೆತು ಅದನ್ನ ಬರೀ ‘ಮರುಬಳಕೆ’ ಅಂತ ಕರೆಯಲಾರೆ. ಸರಳ ಬದುಕು ಬೇಕು, ಅದರ ದುಡಿಮೆಯೂ ಹಂಚಿಕೆಯಾಗಬೇಕು. ರಜೆಯಲ್ಲಿ ಊರಿಗೆ ಬಂದಾಗ ಈಗ ನೀರು ತರೋದು ನಾನು. ಸಣ್ಣದು, ಗೊತ್ತು. ಎರಡು ಕೊಡ ತಂದ ಮೇಲೆ ಕಾಳು ತೊಳೆದ ನೀರನ್ನ ಚೆಲ್ಲೋಕೆ ನನಗೂ ಮನಸ್ಸು ಬರಲಿಲ್ಲ.