ಫೂಟರ ಖಡ್ಗಮೃಗ

ಗೋಕಾವಿಯೆಂದೊಡನೆ ಜಲಪಾತವನ್ನು ನೆನೆವ ನಮಗೆ ಅಲ್ಲಿಯ ಮಣ್ಣು ಕೊಟ್ಟ ಹಲ್ಲುಗಳ ಸ್ಮರಣೆಯಿಲ್ಲ. 1863ರಲ್ಲಿ ಪಲ್ಲಾವರದಲ್ಲಿ ಆದಿಮಾನವನ ಕಲ್ಲುಗೊಡಲಿಯನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟರು, 1874ರಲ್ಲಿ 'ಪೇಲಿಯಾಂಟೊಲಾಜಿಯಾ ಇಂಡಿಕಾ' ಮಾಲೆಯಲ್ಲಿ ಪ್ರಕಟಿಸಿದ ಪ್ರಬಂಧವು ಗೋಕಾವಿಯ ಬಳಿ ದೊರೆತ ಖಡ್ಗಮೃಗದ ಶಿಲೀಭೂತ ದಂತಾಸ್ಥಿಗಳನ್ನು ಕುರಿತದ್ದು.

ವರ್ಣನೆಯಲ್ಲಿ ಅವರದು ವೈಯಾಕರಣನ ನಿಷ್ಠೆ. ದವಡೆಹಲ್ಲಿನ ಏಣು-ತಗ್ಗುಗಳನ್ನು, ಪಾಣಿನೀಯರು ಪ್ರಕೃತಿ-ಪ್ರತ್ಯಯಗಳನ್ನು ಬಿಡಿಸುವಂತೆ ಬಿಡಿಸಿ, ಅನ್ಯ ಜಾತಿಗಳೊಡನೆ ಹೋಲಿಸಿ, ಆಮೇಲೆಯೇ ಹೊಸ ಹೆಸರನ್ನಿಡುವರು. ಇದು ಮೆಚ್ಚತಕ್ಕ ಗುಣ.

ಹೆಸರಿನಲ್ಲಿಯೇ ನನ್ನ ಆಕ್ಷೇಪ. 'ರೈನೋಸೆರಸ್ ಡೆಕ್ಕನೆನ್ಸಿಸ್' ಎಂದರೆ ದಖ್ಖಣದ ಖಡ್ಗಮೃಗ. ಘಟಪ್ರಭೆಯ ಕಣಿವೆಯ ಪ್ರಾಣಿಗೆ ಇಡೀ ದಕ್ಷಿಣಾಪಥದ ಬಿರುದನ್ನು ಕೊಟ್ಟುದು ತಾರ್ಕಿಕರು ಹೇಳುವ ಅತಿವ್ಯಾಪ್ತಿದೋಷ. ದೊರೆತ ಊರು ಮಾತ್ರ 'ಚಿಕ್‌ದೌಲಿ' ಎಂಬ ಆಂಗ್ಲರ ಕಾಗುಣಿತದಲ್ಲಿ ಒಳಪುಟದಲ್ಲಿಯೇ ಅಡಗಿಹೋಯಿತು.

ದೋಷವು ಅವರೊಬ್ಬರದೇ ಅಲ್ಲ. ಅಮರಕೋಶದ ಗಂಡಕ, ಖಡ್ಗ, ಖಡ್ಗಿ ಶಬ್ದಗಳನ್ನು ನಾನು ಎಷ್ಟೋ ವರ್ಷ ಬಾಯಿಪಾಠ ಮಾಡಿಸಿದೆನು. ನೀರನ್ನೂ ಹುಲ್ಲನ್ನೂ ಬೇಡುವ ಆ ಪ್ರಾಣಿಯು, ಮಳೆಗಾಗಿ ಬಾಯ್ದೆರೆವ ಈ ಎರೆನೆಲದಲ್ಲಿಯೇ ಒಮ್ಮೆ ಮೇದಿತ್ತೆಂದು ಹೇಳಲಿಲ್ಲ. ಹೇಳಲು ಕೈಯಲ್ಲಿ ಕನ್ನಡದ ಪುಸ್ತಕವೆಲ್ಲಿತ್ತು? ಬಲ್ಲವರು ಯಾರಾದರೂ ಈ ಪ್ರಬಂಧವನ್ನು ತಿಳಿಗನ್ನಡಕ್ಕೆ ತಂದರೆ, ಹುಕ್ಕೇರಿ ಮೂಡಲಗಿಗಳ ಮಕ್ಕಳು ಹಳ್ಳದ ಮಹಾಪೂರ ಇಳಿದ ಮೇಲೆ ದಡದ ಕಲ್ಲನ್ನು ಬಗ್ಗಿ ನೋಡಿಯಾರು. ಕಂಡುದನ್ನು ಕೀಳದೆ ಅಲ್ಲಿಯೇ ಬಿಟ್ಟು, ಮೊದಲು ಗುರುಗಳಿಗೆ ತಿಳಿಸಿಯಾರು.